ಮೇಣ ಎಷ್ಟು ಡಿಗ್ರಿಗೆ ಕರಗುತ್ತದೆ? ಕರಗುವ ಬಿಂದುವನ್ನು ಮನೆಯಲ್ಲೇ, ಶಾಲೆಯಲ್ಲೇ ಅಳೆಯುವ ಬಗೆ

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಕಳೆದ ಬೇಸಿಗೆಯಲ್ಲಿ ಎರಡು ಮೇಣದ ಉಂಡೆಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದರು. ಒಂದು ಅವರದೇ ತೋಟದ ತುಡುವೆ ಜೇನಿನ ಪೆಟ್ಟಿಗೆಗಳಿಂದ ತೆಗೆದು ಕಾಯಿಸಿದ್ದು, ಇನ್ನೊಂದು ಪೇಟೆಯಿಂದ ದುಡ್ಡು ಕೊಟ್ಟು ತಂದದ್ದು. ತಂದ ಮೇಣದಲ್ಲಿ ಅಚ್ಚು ಹಾಕಿದ ಹಾಳೆಯನ್ನು ಚೌಕಟ್ಟಿಗೆ ಕೂರಿಸಿದರೆ ಮಾರ್ಚ್ ಬಿಸಿಲಿಗೆ ಅದು ಜೋತುಬೀಳುತ್ತದೆ, ಜೇನುಹುಳು ಅದರ ಮೇಲೆ ಎರಿ (ಮೇಣದ ಗೂಡು) ಕಟ್ಟುವುದಿಲ್ಲ ಎಂಬುದು ಅವರ ಸಂಕಟ.

“ಮೇಷ್ಟ್ರೇ, ಇದು ಜೇನುಮೇಣನೋ, ಕ್ಯಾಂಡಲ್ ಮೇಣ ಬೆರೆಸವ್ರೋ, ನೋಡಿ ಹೇಳಿ,” ಅಂದರು.

“ನೋಡಿದ್ರೆ ಗೊತ್ತಾಗಲ್ಲ ಗೌಡ್ರೇ, ಕರಗಿಸಿದ್ರೆ ಒಂದಿಷ್ಟು ಗೊತ್ತಾಗುತ್ತೆ. ಇವತ್ತು ಎರಡನ್ನೂ ಬಿಟ್ಟು ಹೋಗಿ, ನಾಳೆ ಮಧ್ಯಾಹ್ನ ಬನ್ನಿ,” ಅಂದೆ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿದವನು ನಾನು. ಆ ರಾತ್ರಿ ಮತ್ತು ಮರುದಿನ ನಾನು ಮಾಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಜೇನು ಸಾಕುವವರಿಗೆ, ಮೇಣದಬತ್ತಿ ಮಾಡುವ ಹೆಣ್ಣುಮಕ್ಕಳಿಗೆ, ಲ್ಯಾಬಿನಲ್ಲಿ ಹೆಚ್ಚು ಸಾಮಾನಿಲ್ಲದ ಶಾಲೆಯ ಮೇಷ್ಟರಿಗೆ, ಹತ್ತನೇ ತರಗತಿಯ ಮಕ್ಕಳಿಗೆ, ಎಲ್ಲರಿಗೂ ಇದು ಕೈಗೆಟುಕುವ ಕೆಲಸ. ಈ ಲೇಖನದ ಡಿಗ್ರಿಗಳೆಲ್ಲ ಸೆಲ್ಸಿಯಸ್.

ಮೊದಲು ಒಂದು ಪದದ ಗಂಟು

ಕನ್ನಡದಲ್ಲಿ ಉಪ್ಪು ನೀರಿನಲ್ಲಿ ಕರಗುತ್ತದೆ, ಬೆಣ್ಣೆ ಬಾಣಲೆಯಲ್ಲಿ ಕರಗುತ್ತದೆ. ಎರಡಕ್ಕೂ ನಾವು ಆಡುವುದು ಒಂದೇ ಮಾತು. ‘ಉಪ್ಪು ಎಷ್ಟು ಡಿಗ್ರಿಗೆ ಕರಗುತ್ತದೆ?’ ಎಂದು ತರಗತಿಯಲ್ಲಿ ಕೇಳಿದರೆ ‘ತಣ್ಣೀರಲ್ಲೇ ಕರಗುತ್ತೆ ಸರ್’ ಎಂಬ ಉತ್ತರ ಪ್ರತಿ ವರ್ಷವೂ ಬರುತ್ತಿತ್ತು. ಮಕ್ಕಳದ್ದು ತಪ್ಪಲ್ಲ, ಭಾಷೆ ಹಾಗಿದೆ. ಉಪ್ಪು ನೀರಿನಲ್ಲಿ ಕರಗಲು ನೀರಿನ ಆಸರೆ ಬೇಕು. ಯಾವ ದ್ರವದ ಹಂಗೂ ಇಲ್ಲದೆ, ಬರೀ ಬಿಸಿಯಿಂದ ಉಪ್ಪು ತಾನೇ ದ್ರವವಾಗಬೇಕಾದರೆ 801 ಡಿಗ್ರಿ ಬೇಕು. ಈ ಎರಡನೆಯ ಕರಗುವಿಕೆಯನ್ನು ಪಠ್ಯಪುಸ್ತಕ ದ್ರವನ ಎನ್ನುತ್ತದೆ, ಅದು ನಡೆಯುವ ತಾಪವನ್ನು ದ್ರವನ ಬಿಂದು ಅಥವಾ ಕರಗುವ ಬಿಂದು ಎನ್ನುತ್ತದೆ. ನಾನಿಲ್ಲಿ ಬಳಸುವುದು ಕರಗುವ ಬಿಂದು ಎಂಬ ಮಾತನ್ನೇ.

ಶುದ್ಧವಾದ ಹರಳಿಗೆ ಈ ಬಿಂದು ಬಲು ಖಚಿತ. ಐಸ್ ತುಂಬಿದ ಪಾತ್ರೆಯನ್ನು ಒಲೆಯ ಮೇಲಿಟ್ಟು ತಿರುವುತ್ತಿದ್ದರೆ, ಕೊನೆಯ ಚೂರು ಕರಗುವ ತನಕ ಥರ್ಮಾಮೀಟರು ಸೊನ್ನೆ ಬಿಟ್ಟು ಏಳುವುದಿಲ್ಲ. ಉರಿ ಉರಿಯುತ್ತಲೇ ಇದೆ, ಶಾಖ ಹೋಗುತ್ತಲೇ ಇದೆ, ಆದರೆ ಅದೆಲ್ಲ ಹರಳಿನ ಕಟ್ಟು ಬಿಡಿಸುವುದಕ್ಕೇ ಖರ್ಚಾಗುತ್ತದೆ. ಒಂದು ಗ್ರಾಂ ಐಸ್ ಕರಗಲು ಬೇಕಾಗುವ ಶಾಖ ಸುಮಾರು 80 ಕ್ಯಾಲರಿ. ಅಷ್ಟು ಶಾಖ ಕೊಟ್ಟರೆ ಒಂದು ಗ್ರಾಂ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಬಹುದು. ಇದನ್ನು ಗುಪ್ತೋಷ್ಣ ಎನ್ನುತ್ತಾರೆ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕ್ಯಾಪಿಲರಿ ಎಂಬ ಸಣ್ಣ ಗಾಜಿನ ನಾಳ ಇಲ್ಲದೆಯೇ ಅಳೆಯುವಾಗ ನಮ್ಮ ಕೈ ಹಿಡಿಯುವುದು ಇದೇ.

ಹೆಜ್ಜೆ 1: ಥರ್ಮಾಮೀಟರನ್ನು ಐಸಿನಲ್ಲಿ ಪರೀಕ್ಷಿಸಿ, ಕುದಿಯುವ ನೀರಿನಲ್ಲಲ್ಲ

−10ರಿಂದ 110 ಡಿಗ್ರಿವರೆಗೆ ಗೆರೆಗಳಿರುವ ಲ್ಯಾಬ್ ಥರ್ಮಾಮೀಟರು ಸಾಕು. ಒಳಗೆ ಕೆಂಪು ಸ್ಪಿರಿಟ್ ಇರುವುದಾದರೂ ನಡೆಯುತ್ತದೆ. ಪಾದರಸದ್ದಾದರೆ ಒಡೆಯದಂತೆ ನೋಡಿಕೊಳ್ಳಬೇಕು. ಜ್ವರ ನೋಡುವ ಥರ್ಮಾಮೀಟರನ್ನು ಇದಕ್ಕೆ ಬಳಸಲೇಬೇಡಿ, ಅದರ ಮಿತಿ 42 ಡಿಗ್ರಿ. ಬಿಸಿನೀರಿಗಿಟ್ಟರೆ ತುದಿಯಲ್ಲಿರುವ ಗಾಜಿನ ಬುರುಡೆ ಒಡೆದೀತು.

ಯಾವ ಥರ್ಮಾಮೀಟರನ್ನೂ ಹಾಗೇ ನಂಬಬಾರದು. ಪರೀಕ್ಷೆ ಸುಲಭ: ಐಸನ್ನು ಬಟ್ಟೆಯಲ್ಲಿ ಕಟ್ಟಿ ಚೆನ್ನಾಗಿ ಜಜ್ಜಿ, ಸ್ಟೀಲ್ ಲೋಟದ ತುಂಬ ಹಾಕಿ. ಸಂದಿ ತುಂಬುವಷ್ಟು ತಣ್ಣೀರು ಸುರಿಯಿರಿ. ಲೋಟದಲ್ಲಿ ಐಸೇ ಹೆಚ್ಚಿರಬೇಕು, ನೀರು ಕಡಿಮೆ. ಬುರುಡೆ ಮಧ್ಯದಲ್ಲಿ ಮುಳುಗಿರಲಿ, ಐದು ನಿಮಿಷ ಆಗಾಗ ತಿರುವಿ ಓದಿ. ಸೊನ್ನೆ ತೋರಿಸಬೇಕು. 0.5 ತೋರಿಸಿದರೆ ನಿಮ್ಮ ಥರ್ಮಾಮೀಟರು ಅರ್ಧ ಡಿಗ್ರಿ ಮುಂದಿದೆ ಎಂದರ್ಥ, ಆಮೇಲಿನ ಓದುಗಳಿಂದ ಅರ್ಧ ಕಳೆಯಿರಿ. ಐಸಿಗೆ ಉಪ್ಪಿನ ಒಂದು ಹರಳೂ ತಾಗದಿರಲಿ. ಉಪ್ಪು ಬೆರೆತ ಐಸ್ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ. ಕುಲ್ಫಿ ಮಾರುವವರು ಡಬ್ಬಿಯ ಸುತ್ತ ಐಸಿಗೆ ಕಲ್ಲುಪ್ಪು ಹಾಕುವುದು ಅದಕ್ಕೇ. ಹದ ಸರಿಯಿದ್ದರೆ ಸುಮಾರು −21 ಡಿಗ್ರಿವರೆಗೂ ಇಳಿಯುತ್ತದೆ.

ಇನ್ನು ಕುದಿಯುವ ನೀರು ಏಕೆ ಬೇಡ ಎಂಬುದು. ನಮ್ಮ ಕಡೆಯವರಿಗೆ ಈ ಮಾತು ಬಹಳ ಮುಖ್ಯ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 96ರಿಂದ 97 ಡಿಗ್ರಿಯೊಳಗೇ ಕುದಿಯುತ್ತದೆ. ಹಾಸನದಲ್ಲಿ 97ರ ಆಸುಪಾಸು. ಮುಳ್ಳಯ್ಯನಗಿರಿಯ ತುದಿ 1,900 ಮೀಟರಿಗೂ ಮೇಲಿದೆ, ಅಲ್ಲಿ ಚಹಾಕ್ಕೆ ನೀರಿಟ್ಟರೆ 94 ಮುಟ್ಟುವ ಮೊದಲೇ ತಳಮಳಿಸುತ್ತದೆ. ಸುಮಾರು 300 ಮೀಟರು ಹತ್ತಿದರೆ ಒಂದು ಡಿಗ್ರಿ ಇಳಿಯಿತು ಎಂದು ಲೆಕ್ಕ ಇಟ್ಟುಕೊಳ್ಳಬಹುದು.

ಆದರೆ ಐಸ್ ಕರಗುವ ಬಿಂದು ಬೆಟ್ಟಕ್ಕೆ ಬಗ್ಗುವುದಿಲ್ಲ. ಮಂಗಳೂರಿನ ಕಡಲತೀರಕ್ಕೂ ಚಿಕ್ಕಮಗಳೂರಿಗೂ ನಡುವೆ ಅದು ಬದಲಾಗುವುದು ಡಿಗ್ರಿಯ ಸಾವಿರದಲ್ಲೊಂದು ಪಾಲಿನಷ್ಟು. ನೀರು ಆವಿಯಾದಾಗ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ, ಹಿಗ್ಗಲು ಗಾಳಿಯನ್ನು ದೂಡಬೇಕು. ಹಾಗಾಗಿ ಗಾಳಿಯ ಒತ್ತಡ ಅಲ್ಲಿ ದೊಡ್ಡ ಸಂಗತಿ. ಘನ ದ್ರವವಾಗುವಾಗ ಗಾತ್ರ ಬದಲಾಗುವುದೇ ಅಲ್ಪ, ಗಾಳಿ ಹೆಚ್ಚಿದ್ದರೇನು, ಕಡಿಮೆಯಿದ್ದರೇನು? ಜೇನುಮೇಣದ ಕರಗುವ ಬಿಂದುವೂ ಮಂಗಳೂರು, ಮೂಡಿಗೆರೆ, ಬಾಬಾಬುಡನ್‌ಗಿರಿ ಎಲ್ಲ ಕಡೆ ಒಂದೇ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಘಟ್ಟದ ಅಂಚಿನ ಒಂದು ಶಾಲೆಯಲ್ಲಿ, ಮಕ್ಕಳೆಲ್ಲ ನೀರು 97 ಡಿಗ್ರಿಗೆ ಕುದಿಯುವುದನ್ನು ಕಣ್ಣಾರೆ ಕಂಡು ದಾಖಲೆ ಪುಸ್ತಕದಲ್ಲಿ 100 ಎಂದು ಬರೆದಿದ್ದರು. ಪುಸ್ತಕ ಹಾಗೆ ಹೇಳುತ್ತದಲ್ಲ! ನಾನೂ ಅದಕ್ಕೆ ಸಹಿ ಹಾಕಿದ್ದೆ. ಕಂಡದ್ದನ್ನು ಬರೆಯಿರಿ ಎಂದು ಅಂದೇ ಹೇಳಬೇಕಿತ್ತು ಎಂಬ ನೋವು ನನಗೆ ಇವತ್ತಿಗೂ ಇದೆ. ಈ ಲೇಖನ ಓದಿ ಅಳೆಯುವವರಲ್ಲಿ ನನ್ನ ಬೇಡಿಕೆ ಅದೊಂದೇ: ಥರ್ಮಾಮೀಟರು ತೋರಿಸಿದ್ದನ್ನೇ ಬರೆಯಿರಿ.

ಹೆಜ್ಜೆ 2: ಮೇಣವನ್ನು ಶುಚಿ ಮಾಡಿ

ಜೇನು, ನೀರು, ಹುಳುವಿನ ರೆಕ್ಕೆ, ಪರಾಗ ಬೆರೆತ ಮೇಣವನ್ನು ಅಳೆದರೆ ಸಿಗುವುದು ಕೊಳೆಯ ಲೆಕ್ಕ. ಹಳೇ ಎರಿಯನ್ನು ಒಂದು ದಿನ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಸ್ಟೀಲ್ ಪಾತ್ರೆಯ ಬಿಸಿನೀರಿನಲ್ಲಿ ಮುಳುಗಿಸಿ. ಮೇಣ ಕರಗಿ ಮೇಲೆ ತೇಲುತ್ತದೆ. ಗಂಟನ್ನು ಸೌಟಿನಿಂದ ಒತ್ತಿ ಹಿಂಡಿ ತೆಗೆಯಿರಿ. ಆಮೇಲೆ ಪಾತ್ರೆಗೆ ಗೋಣಿಚೀಲ ಸುತ್ತಿ ರಾತ್ರಿಯಿಡೀ ನಿಧಾನವಾಗಿ ಆರಲು ಬಿಡಿ. ಬೆಳಿಗ್ಗೆ ಮೇಲೆ ಗಟ್ಟಿ ಬಿಲ್ಲೆ ಸಿಗುತ್ತದೆ, ತಳಕ್ಕೆ ಅಂಟಿದ ಕಂದು ಕೊಳೆಯನ್ನು ಚಾಕುವಿನಿಂದ ಕೆರೆದು ಹಾಕಿ. ಕಬ್ಬಿಣ, ತಾಮ್ರದ ಪಾತ್ರೆ ಬೇಡ, ಬಣ್ಣ ಕೆಡುತ್ತದೆ. ಮೇಣವನ್ನು ನೇರ ಉರಿಯ ಮೇಲೆ ಎಂದೂ ಇಡಬೇಡಿ. ಕಾದ ಮೇಣಕ್ಕೆ ಬೆಂಕಿ ಹತ್ತಿದರೆ ನೀರೆರಚಿ ಆರಿಸಲಾಗದು, ಮುಚ್ಚಳ ಹಾಕಿ ಗಾಳಿ ತಡೆಯಬೇಕು.

ಹರಳು, ಪುಡಿಯ ರೂಪದ ವಸ್ತುವಾದರೆ ಒಣಗಿಸಿ ಅರೆಯಬೇಕು. ಮಲೆನಾಡಿನ ಜುಲೈ ತಿಂಗಳಲ್ಲಿ ಡಬ್ಬಿ ತೆಗೆದಿಟ್ಟರೆ ಸಾಕು, ಎಷ್ಟೋ ವಸ್ತುಗಳು ತೇವ ಎಳೆದುಕೊಳ್ಳುತ್ತವೆ. ತೇವವಿದ್ದರೆ ಕರಗುವ ಬಿಂದು ತಪ್ಪಾಗಿ ಕೆಳಗೆ ತೋರುತ್ತದೆ.

ಹೆಜ್ಜೆ 3: ನಾಳ ತುಂಬುವುದು

ಸುಮಾರು ಒಂದು ಮಿಲಿಮೀಟರು ಒಳಕಂಡಿಯ ಗಾಜಿನ ಕ್ಯಾಪಿಲರಿ ನಾಳಗಳು ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಡಬ್ಬಿಯ ಲೆಕ್ಕದಲ್ಲಿ ಸಿಗುತ್ತವೆ. ಕೊಬ್ಬು, ಮೇಣಗಳಿಗೆ ಎರಡೂ ತುದಿ ತೆರೆದ ನಾಳ ಬೇಕು. ಹರಳಿನ ಪುಡಿಗೆ ಒಂದು ತುದಿ ಮುಚ್ಚಿರಬೇಕು. ಸ್ಪಿರಿಟ್ ದೀಪದ ಉರಿಯ ಅಂಚಿಗೆ ತುದಿ ತಾಗಿಸಿ ಬೆರಳಲ್ಲಿ ಹೊರಳಿಸುತ್ತಿದ್ದರೆ ಗಾಜು ಮೆತ್ತಗಾಗಿ ತಾನೇ ಕೂಡಿಕೊಳ್ಳುತ್ತದೆ.

ಮೇಣಕ್ಕೆ ಹೀಗೆ ಮಾಡಿ. ಚಿಟಿಕೆ ಮೇಣವನ್ನು ಚಮಚದಲ್ಲಿಟ್ಟು ಬಿಸಿನೀರಿನ ಮೇಲೆ ಕರಗಿಸಿ. ನಾಳದ ತುದಿ ಅದ್ದಿದರೆ ಮೇಣ ತಾನಾಗಿ ಮೇಲೇರುತ್ತದೆ. ಒಂದು ಸೆಂಟಿಮೀಟರಿನಷ್ಟು ಏರಿದರೆ ಸಾಕು. ಹೊರಗೆ ಅಂಟಿದ್ದನ್ನು ಬಟ್ಟೆಯಿಂದ ಒರೆಸಿ, ನಾಳಗಳನ್ನು ಕಾಗದದಲ್ಲಿ ಸುತ್ತಿ ಹೆಸರು ಬರೆದು, ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ರಾತ್ರಿಯಿಡೀ ಇಡಿ. ಗೌಡರಿಗೆ ನಾಳೆ ಬನ್ನಿ ಎಂದದ್ದು ಇದಕ್ಕೇ. ಕರಗಿಸಿ ತಟ್ಟನೆ ಆರಿಸಿದ ಕೊಬ್ಬಿನ ಅಣುಗಳು ಮೊದಲು ಹೇಗೋ ಒಂದು ಬಗೆಯಲ್ಲಿ ಜೋಡಿಸಿಕೊಂಡು ಗಟ್ಟಿಯಾಗುತ್ತವೆ, ಆಮೇಲೆ ತಾಸುಗಟ್ಟಲೆ ಸಮಯ ತೆಗೆದುಕೊಂಡು ಹೆಚ್ಚು ಬಿಗಿಯಾದ ಜೋಡಣೆಗೆ ಬರುತ್ತವೆ. ಆತುರಪಟ್ಟು ಅರ್ಧ ಗಂಟೆಯಲ್ಲೇ ಅಳೆದರೆ ಸಂಖ್ಯೆ ಕೆಳಗೆ ಬರುತ್ತದೆ. ಉಪ್ಪಾಗೆ ಅಥವಾ ಮುರುಗಲು ಬೀಜದಿಂದ ತೆಗೆಯುವ ತುಪ್ಪ, ಕೊಬ್ಬರಿ ಎಣ್ಣೆಗಳಿಗೆ ಈ ನಿಯಮ ಇನ್ನೂ ಕಟ್ಟುನಿಟ್ಟು.

ಪುಡಿಯಾದರೆ ತೆರೆದ ತುದಿಯನ್ನು ಪುಡಿಗೆ ಚುಚ್ಚಿ, ಮುಚ್ಚಿದ ತುದಿ ಕೆಳಗಾಗಿ ಮೇಜಿಗೆ ಮೆಲ್ಲನೆ ಕುಟ್ಟಿ ಇಳಿಸಿ. ಎರಡು ಮೂರು ಮಿಲಿಮೀಟರು ಸಾಕು. ಬಹಳ ಜನ ನಾಳದ ಅರ್ಧ ತುಂಬುತ್ತಾರೆ. ಹಾಗೆ ತುಂಬಿದರೆ ಹೊರಗಿನದು ಕರಗಿ ಒಳಗಿನದು ಕರಗುವಷ್ಟರಲ್ಲಿ ಥರ್ಮಾಮೀಟರು ಎರಡು ಡಿಗ್ರಿ ಮೇಲೆ ಹೋಗಿರುತ್ತದೆ.

ಹೆಜ್ಜೆ 4: ಎರಡು ನಾಳ, ಒಂದು ಥರ್ಮಾಮೀಟರು

ಗೌಡರ ಮೇಣದ ನಾಳವನ್ನು ಥರ್ಮಾಮೀಟರಿನ ಒಂದು ಬದಿಗೆ, ಪೇಟೆಯದನ್ನು ಇನ್ನೊಂದು ಬದಿಗೆ ಇಟ್ಟು ನೂಲಿನಿಂದ ಕಟ್ಟಿದೆ. ಮೇಣವಿರುವ ತುದಿ ಬುರುಡೆಯ ಪಕ್ಕಕ್ಕೇ ಬರಬೇಕು. ಹೀಗೆ ಜೋಡಿಯಾಗಿ ಕಟ್ಟುವುದರಲ್ಲಿ ದೊಡ್ಡ ಲಾಭವಿದೆ. ಥರ್ಮಾಮೀಟರು ಸುಳ್ಳು ಹೇಳಿದರೂ ಎರಡಕ್ಕೂ ಒಂದೇ ಸುಳ್ಳು ಹೇಳುತ್ತದೆ, ಯಾವುದು ಮೊದಲು ಕರಗಿತು ಎಂಬುದು ಮಾತ್ರ ಸುಳ್ಳಾಗದು. ನಿಮ್ಮಲ್ಲಿ ನಂಬಿಕಸ್ತ ಮಾದರಿ ಒಂದಿದ್ದರೆ ಯಾವಾಗಲೂ ಅದನ್ನು ಜೊತೆಗೆ ಕಟ್ಟಿ.

ದೊಡ್ಡ ಬೀಕರು, ಇಲ್ಲವೇ ಶಾಖ ತಡೆಯುವ ಗಾಜಿನ ಪಾತ್ರೆಗೆ ತಣ್ಣೀರು ತುಂಬಿ. ಥರ್ಮಾಮೀಟರನ್ನು ಸ್ಟ್ಯಾಂಡಿಗೆ ಕಚ್ಚಿಸಿ ನೀರಿಗೆ ಇಳಿಸಿ. ಮೇಣದ ಮೇಲ್ತುದಿ ನೀರಿನ ಮಟ್ಟಕ್ಕಿಂತ ಒಂದು ಸೆಂಟಿಮೀಟರು ಕೆಳಗಿರಲಿ, ನಾಳದ ಮೇಲಿನ ಬಾಯಿ ನೀರಿನ ಹೊರಗಿರಲಿ. ಗಟ್ಟಿ ತಂತಿಯ ತುದಿಯನ್ನು ಬಳೆಯಂತೆ ಬಗ್ಗಿಸಿದರೆ ನೀರು ಕದಡುವ ಕೋಲು ಸಿದ್ಧ. ಅದನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು, ಇಲ್ಲವಾದರೆ ಮೇಲಿನ ನೀರೇ ಬೇರೆ, ತಳದ ನೀರೇ ಬೇರೆ.

ನೀರಿನ ತೊಟ್ಟಿ ನಮ್ಮ ಊರುಗಳಲ್ಲಿ 85, 90 ಡಿಗ್ರಿವರೆಗೆ ಮಾತ್ರ ಪ್ರಯೋಜನ. ಆಮೇಲೆ ಗುಳ್ಳೆ ಎದ್ದು ನಾಳ ಅಲುಗುತ್ತದೆ, 97 ದಾಟುವ ಪ್ರಶ್ನೆಯೇ ಇಲ್ಲ. ಅದಕ್ಕಿಂತ ಮೇಲೆ ಕರಗುವ ವಸ್ತುಗಳಿಗೆ ಲಿಕ್ವಿಡ್ ಪ್ಯಾರಾಫಿನ್ ಎಣ್ಣೆ ಬೇಕು. ಕಾಲೇಜು ಲ್ಯಾಬುಗಳಲ್ಲಿ ಇದಕ್ಕೆಂದೇ ಥೀಲೆ ನಾಳ ಇರುತ್ತದೆ. ಬದಿಯಲ್ಲಿ ಲೋಟದ ಹಿಡಿಯಂತೆ ಬಾಗಿದ ಕೊಳವೆಯಿರುವ ಗಾಜಿನ ನಾಳ ಅದು. ಹಿಡಿಯನ್ನು ಕಾಯಿಸಿದರೆ ಎಣ್ಣೆ ತಾನೇ ಸುತ್ತು ಹೊಡೆಯುತ್ತದೆ, ಕದಡುವ ಕೆಲಸವಿಲ್ಲ. ಜರ್ಮನಿಯ ರಸಾಯನ ವಿಜ್ಞಾನಿ ಯೊಹಾನ್ನೆಸ್ ಥೀಲೆ (1865–1918) ಅವರ ಹೆಸರು ಅದಕ್ಕೆ. ಎಣ್ಣೆ ಕಾಯಿಸುವಾಗ ಕನ್ನಡಕ ಹಾಕಿ, ಬಿಸಿ ಎಣ್ಣೆಗೆ ಒಂದು ಹನಿ ನೀರೂ ಬೀಳದಂತೆ ನೋಡಿಕೊಳ್ಳಿ. ಮಕ್ಕಳನ್ನು ಈ ಭಾಗಕ್ಕೆ ಒಂಟಿಯಾಗಿ ಬಿಡಬೇಡಿ.

ಹೆಜ್ಜೆ 5: ಕೊನೆಯ ಹತ್ತು ಡಿಗ್ರಿ

ಕೆಲಸ ಕೆಡುವುದೂ ಕೂಡುವುದೂ ಇಲ್ಲೇ. ಮೊದಲ ಸಲ ಜೋರಾಗಿಯೇ ಕಾಯಿಸಿ, ಸುಮಾರು ಎಷ್ಟಕ್ಕೆ ಕರಗುತ್ತದೆ ಎಂಬ ಅಂದಾಜು ಸಿಗಲಿ. ಆ ನಾಳ ಎಸೆಯಿರಿ. ನೀರು ಆರಿದ ಮೇಲೆ ಹೊಸ ನಾಳ ಕಟ್ಟಿ ಎರಡನೇ ಸಲ ಹೊರಡಿ. ಅಂದಾಜಿಗಿಂತ ಹತ್ತು ಡಿಗ್ರಿ ಕೆಳಗಿನವರೆಗೆ ಬೇಗ ಹೋಗಬಹುದು. ಅಲ್ಲಿಂದ ಉರಿ ತೀರ ಸಣ್ಣದು ಮಾಡಿ, ನಿಮಿಷಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರದಂತೆ. ಏರಿದರೆ ದೀಪ ಪಕ್ಕಕ್ಕೆ ಸರಿಸಿ. ನಿಮಿಷಕ್ಕೆ ಅರ್ಧ ಡಿಗ್ರಿಯಾದರೆ ಇನ್ನೂ ಒಳ್ಳೆಯದು. ಭೂತಗನ್ನಡಿ ಹಿಡಿದು ನಾಳವನ್ನೇ ನೋಡುತ್ತಿರಿ, ಥರ್ಮಾಮೀಟರನ್ನು ಪಕ್ಕದವರು ಓದಲಿ.

ನಿಧಾನ ಏಕೆಂದರೆ, ಶಾಖ ನೀರಿನಿಂದ ಗಾಜಿಗೆ, ಗಾಜಿನಿಂದ ಮೇಣದ ಒಡಲಿಗೆ ಇಳಿಯಲು ಹೊತ್ತು ಹಿಡಿಯುತ್ತದೆ. ಅದರ ಮೇಲೆ ಗುಪ್ತೋಷ್ಣದ ಬಾಕಿಯನ್ನೂ ತೀರಿಸಬೇಕು. ನೀವು ಧಾವಿಸಿದರೆ ಥರ್ಮಾಮೀಟರು ಮುಂದೆ ಓಡುತ್ತದೆ, ಮೇಣ ಹಿಂದೆ ಉಳಿಯುತ್ತದೆ. ನಾನೇ ಒಮ್ಮೆ ಬೆಲ್ ಹೊಡೆಯುವ ಮೊದಲು ಮುಗಿಸಬೇಕೆಂದು ಉರಿ ಹೆಚ್ಚಿಸಿ ಜೇನುಮೇಣಕ್ಕೆ 68 ಎಂದು ಬರೆಸಿದ್ದೆ. ಮರುದಿನ ಸಾವಕಾಶವಾಗಿ ಮಾಡಿದಾಗ ಅದೇ ಮೇಣ 63ಕ್ಕೆ ಕರಗಿತು.

ತೆರೆದ ನಾಳದಲ್ಲಿ ನೋಡಬೇಕಾದ್ದು ಒಂದೇ ಗಳಿಗೆ. ಮೇಣ ಮೊದಲು ಅಂಚಿನಲ್ಲಿ ಪಾರದರ್ಶಕವಾಗುತ್ತದೆ, ಆಮೇಲೆ ಗಾಜಿನ ಹಿಡಿತ ಬಿಟ್ಟು ಒಮ್ಮೆಗೇ ಮೇಲಕ್ಕೆ ಜಾರುತ್ತದೆ, ಕೆಳಗಿನಿಂದ ನೀರು ಅದನ್ನು ದೂಡುವುದರಿಂದ. ಜಾರಿದ ಆ ಕ್ಷಣದ ತಾಪವೇ ನಿಮ್ಮ ಉತ್ತರ. ಮುಚ್ಚಿದ ನಾಳದ ಪುಡಿಗಾದರೆ ಎರಡು ಸಂಖ್ಯೆ ಬರೆಯಬೇಕು: ಮೊದಲ ಹನಿ ಕಂಡದ್ದು, ಕೊನೆಯ ಹರಳು ಮಾಯವಾದದ್ದು. ಒಂದೇ ಸಂಖ್ಯೆ ಬರೆದು ಮುಗಿಸಿದ ದಾಖಲೆಗೆ ಅರ್ಧ ಬೆಲೆ. ಏಕೆಂದರೆ ಆ ಎರಡರ ನಡುವಿನ ಅಂತರವೇ ವಸ್ತುವಿನ ಶುದ್ಧತೆಯನ್ನು ಹೇಳುವುದು. ಅಂತರ ಒಂದು ಡಿಗ್ರಿಯೊಳಗಿದ್ದರೆ ವಸ್ತು ಸಾಕಷ್ಟು ಶುದ್ಧ. ನಾಲ್ಕೈದು ಡಿಗ್ರಿ ಹರಡಿಕೊಂಡಿದ್ದರೆ ಏನೋ ಬೆರೆತಿದೆ.

ಹೊಸ ನಾಳಗಳಲ್ಲಿ ಮೂರು ಸಲ ಮಾಡಿ. ಒಮ್ಮೆ ಕರಗಿದ ನಾಳವನ್ನೇ ಮತ್ತೆ ಬಳಸುವುದು ಬೇಡ.

ಬೆರಕೆ ಬಿದ್ದರೆ ಬಿಂದು ಏಕೆ ಇಳಿಯುತ್ತದೆ

ಹರಳೆಂದರೆ ಒಂದೇ ಅಳತೆಯ ಹೆಂಚುಗಳನ್ನು ಒಪ್ಪವಾಗಿ ಜೋಡಿಸಿದ ಹಾಗೆ. ಬೇರೆ ಅಳತೆಯ ಹೆಂಚು ಆ ಸಾಲಿನಲ್ಲಿ ಕೂರುವುದಿಲ್ಲ, ರಾಶಿಯಲ್ಲಾದರೆ ಹೇಗೂ ಇರುತ್ತದೆ. ಪರಕೀಯ ಅಣುವೂ ಹಾಗೆಯೇ: ಗಟ್ಟಿ ಹರಳಿನಲ್ಲಿ ಅದಕ್ಕೆ ಜಾಗವಿಲ್ಲ, ದ್ರವದಲ್ಲಿ ಧಾರಾಳ ಜಾಗವಿದೆ. ಹೀಗೆ ಬೆರಕೆಯು ದ್ರವದ ಪಕ್ಷ ವಹಿಸುವುದರಿಂದ ಘನವು ಕಡಿಮೆ ಬಿಸಿಗೇ ದ್ರವವಾಗಲು ಒಪ್ಪುತ್ತದೆ.

ಇದರ ಚಂದದ ಉದಾಹರಣೆ ಮೇಣದಬತ್ತಿಗೆ ಬೆರೆಸುವ ಸ್ಟಿಯರಿಕ್ ಆಸಿಡ್‌ನಲ್ಲೇ ಇದೆ. ಶುದ್ಧ ಸ್ಟಿಯರಿಕ್ ಆಮ್ಲ 69 ಡಿಗ್ರಿಗೆ ಕರಗುತ್ತದೆ, ಶುದ್ಧ ಪಾಮಿಟಿಕ್ ಆಮ್ಲ 63ಕ್ಕೆ. ಅಂಗಡಿಯಲ್ಲಿ ಸ್ಟಿಯರಿಕ್ ಎಂದು ಸಿಗುವುದು ಸಾಮಾನ್ಯವಾಗಿ ಈ ಎರಡರ ಬೆರಕೆ. ಎರಡರ ನಡುವೆ 66ಕ್ಕೆ ಕರಗಬೇಕಲ್ಲ ಅನ್ನಿಸುತ್ತದೆ. ಅಳೆದು ನೋಡಿದರೆ 55ರ ಆಸುಪಾಸು! ಎರಡಕ್ಕಿಂತಲೂ ಕೆಳಗೆ. ರೇಡಿಯೋ ರಿಪೇರಿಯವರು ಬಳಸುವ ಬೆಸುಗೆ ತಂತಿಯದ್ದೂ ಇದೇ ಕಥೆ. ತವರ 232ಕ್ಕೆ, ಸೀಸ 327ಕ್ಕೆ ಕರಗುತ್ತದೆ. 63 ಪಾಲು ತವರಕ್ಕೆ 37 ಪಾಲು ಸೀಸ ಸೇರಿಸಿದರೆ 183ಕ್ಕೇ ನೀರಾಗುತ್ತದೆ. ಅಕ್ಕಸಾಲಿಗರು ಚಿನ್ನಕ್ಕೆ ಹಾಕುವ ಬೆಸುಗೆಯೂ ಆಭರಣಕ್ಕಿಂತ ಕಡಿಮೆ ಬಿಸಿಗೆ ಕರಗುವ ಮಿಶ್ರಲೋಹವೇ. ಶುದ್ಧ ಚಿನ್ನಕ್ಕೆ 1,064 ಡಿಗ್ರಿ ಬೇಕು, ಬೆಳ್ಳಿಗೆ 962, ತಾಮ್ರಕ್ಕೆ 1,085. ಸರದ ಕೊಂಡಿ ಕೂಡಬೇಕು, ಸರ ಕರಗಬಾರದು. ಥರ್ಮಾಮೀಟರೇ ಇಲ್ಲದೆ, ಉರಿಯ ಬಣ್ಣ ಮತ್ತು ಬಿಳಿಗಾರ ಕರಗಿ ಹರಿಯುವ ರೀತಿ ನೋಡಿ ಅವರು ಹದ ಹಿಡಿಯುವುದನ್ನು ಗಂಟೆಗಟ್ಟಲೆ ನಿಂತು ನೋಡಿದವನು ನಾನು.

ಒಂದೇ ಬಿಂದುವಿನ ಎರಡು ಬೇರೆ ವಸ್ತುಗಳನ್ನು ಗುರುತಿಸುವುದಕ್ಕೂ ಇದೇ ಉಪಾಯ. ತೋಟಕ್ಕೆ ಹಾಕುವ ಯೂರಿಯಾ, ಲ್ಯಾಬಿನ ಸಿನಮಿಕ್ ಆಮ್ಲ ಎರಡೂ ಸುಮಾರು 133 ಡಿಗ್ರಿಗೆ ಕರಗುತ್ತವೆ. ಅರೆದು ಬೆರೆಸಿ ಮೂರನೇ ನಾಳದಲ್ಲಿಟ್ಟರೆ ಬಿಂದು ಹತ್ತಾರು ಡಿಗ್ರಿ ಕುಸಿಯುತ್ತದೆ. ಎರಡೂ ಒಂದೇ ವಸ್ತುವಾಗಿದ್ದರೆ ಬೆರೆಸಿದರೂ ಇಳಿಯುತ್ತಿರಲಿಲ್ಲ. ಪಿಯುಸಿ, ಡಿಗ್ರಿ ವಿದ್ಯಾರ್ಥಿಗಳು ಇದನ್ನು ಮೇಲ್ವಿಚಾರಣೆಯಲ್ಲಿ ಎಣ್ಣೆ ತೊಟ್ಟಿಯಲ್ಲಿ ಖಂಡಿತ ಮಾಡಿ ನೋಡಬೇಕು.

ಕ್ಯಾಪಿಲರಿ ಇಲ್ಲದಿದ್ದರೆ: ಆರುವಾಗ ಅಳೆಯಿರಿ

ಹಳ್ಳಿ ಶಾಲೆಗಳಿಗೆ ನನ್ನ ಮೆಚ್ಚಿನ ವಿಧಾನ ಇದು. ದೊಡ್ಡ ಟೆಸ್ಟ್ ಟ್ಯೂಬಿಗೆ ಇಪ್ಪತ್ತು ಗ್ರಾಂ ಸ್ಟಿಯರಿಕ್ ಆಸಿಡ್ ಅಥವಾ ಮೇಣ ಹಾಕಿ ಬಿಸಿನೀರಿನಲ್ಲಿಟ್ಟು 80 ಡಿಗ್ರಿವರೆಗೆ ಕರಗಿಸಿ. ಥರ್ಮಾಮೀಟರನ್ನು ಒಳಗಿಟ್ಟು, ಟ್ಯೂಬನ್ನು ಹೊರತೆಗೆದು ಗಾಳಿ ಬೀಸದ ಕಡೆ ನಿಲ್ಲಿಸಿ. ಅರ್ಧ ನಿಮಿಷಕ್ಕೊಮ್ಮೆ ತಾಪ ಬರೆಯುತ್ತ ಹೋಗಿ. 78, 75, 72 ಎಂದು ಸರಸರ ಇಳಿದದ್ದು ಒಂದು ಕಡೆ ನಿಧಾನವಾಗುತ್ತದೆ. ಟ್ಯೂಬಿನ ಗೋಡೆಯಲ್ಲಿ ಬಿಳಿ ಮೂಡುವ ಹೊತ್ತು ಅದು. ಗಟ್ಟಿಯಾಗುವ ವಸ್ತು ತನ್ನ ಗುಪ್ತೋಷ್ಣವನ್ನು ಹೊರಗೆ ಬಿಡುತ್ತದೆ, ಗಾಳಿಗೆ ಹೋಗುವ ಶಾಖವನ್ನು ಅದು ತುಂಬಿಕೊಡುವುದರಿಂದ ತಾಪ ನಿಲ್ಲುತ್ತದೆ. ಎಲ್ಲ ಗಟ್ಟಿಯಾದ ಮೇಲೆ ಮತ್ತೆ ಇಳಿಯಲು ತೊಡಗುತ್ತದೆ. ಗ್ರಾಫ್ ಹಾಳೆಯಲ್ಲಿ ಎಳೆದರೆ ಇಳಿಜಾರಿನ ನಡುವೆ ಒಂದು ಸಮತಟ್ಟು ಸಿಗುತ್ತದೆ. ಅದರ ಎತ್ತರವೇ ಕರಗುವ ಬಿಂದು.

ಕೆಲವೊಮ್ಮೆ ತಾಪ ಸಮತಟ್ಟಿಗಿಂತ ಒಂದೆರಡು ಡಿಗ್ರಿ ಕೆಳಗಿಳಿದು ತಟ್ಟನೆ ಮೇಲೇರುತ್ತದೆ. ತಪ್ಪಾಯಿತೆಂದು ಮಕ್ಕಳು ಅಳಿಸುತ್ತಾರೆ, ಅಳಿಸಬಾರದು. ಮೊದಲ ಹರಳು ಹುಟ್ಟುವುದು ತಡವಾದರೆ ದ್ರವ ಹಾಗೆ ಅತಿಯಾಗಿ ತಣಿಯುತ್ತದೆ, ಹರಳು ಹುಟ್ಟಿದೊಡನೆ ಬಿಟ್ಟ ಶಾಖಕ್ಕೆ ಮತ್ತೆ ಏರುತ್ತದೆ. ಶುದ್ಧ ವಸ್ತುವಿನ ಸಮತಟ್ಟು ಮೇಜಿನಂತೆ ನೇರ, ಬೆರಕೆಯದ್ದು ಓರೆ. ಹಳೇ ಪುಸ್ತಕಗಳಲ್ಲಿ ಇದಕ್ಕೆ ನುಸಿಗುಳಿಗೆಯ ನ್ಯಾಫ್ತಲೀನ್ ಬಳಸಲು ಹೇಳುತ್ತಾರೆ, ಅದರ ಬಿಂದು 80. ಅದರ ಹೊಗೆ ಮಕ್ಕಳಿಗೆ ಒಳ್ಳೆಯದಲ್ಲ, ಸ್ಟಿಯರಿಕ್ಕೇ ಸಾಕು.

ಬಿಂದುವೇ ಇಲ್ಲದವು

ಎಲ್ಲ ಘನಕ್ಕೂ ಕರಗುವ ಬಿಂದು ಹುಡುಕಹೊರಡಬೇಡಿ. ಗಾಜು, ಡಾಂಬರು, ಮರದ ರಾಳಗಳು ಮೆಲ್ಲಮೆಲ್ಲನೆ ಮೆತ್ತಗಾಗುತ್ತವೆ, ಇಂಥ ಕಡೆ ಕರಗಿತು ಎಂದು ಗೆರೆ ಎಳೆಯಲಾಗದು. ಸಕ್ಕರೆ 186ರ ಹತ್ತಿರ ಕರಗುವಾಗಲೇ ಒಡೆದು ಕಂದಾಗುತ್ತದೆ. ಕರ್ಪೂರ ಕರಗುವ ಮೊದಲೇ ಆವಿಯಾಗಿ ಹಾರುತ್ತದೆ, ಅದನ್ನು ನಾಳದ ಎರಡೂ ತುದಿ ಮುಚ್ಚಿಯೇ ಅಳೆಯಬೇಕು. ಕೊಬ್ಬರಿ ಎಣ್ಣೆಗೆ 24ರ ಆಸುಪಾಸು ಎನ್ನುತ್ತೇವೆ, ಅರಸೀಕೆರೆಯ ಚಳಿಗಾಲದ ಬೆಳಗಿನಲ್ಲಿ ಬಾಟಲಿಯಲ್ಲಿ ಅದು ಬಿಳಿ ಕಲ್ಲಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಅದೂ ಹಲವು ಕೊಬ್ಬುಗಳ ಬೆರಕೆ, ಅದಕ್ಕೆ ಬಿಂದುವಿಗಿಂತ ಒಂದು ವ್ಯಾಪ್ತಿಯಿದೆ. ಜೇನುಮೇಣವೂ ಹಾಗೆಯೇ ಬೆರಕೆ, ಆದರೆ ಹುಳು ಮಾಡುವ ಬೆರಕೆಯ ಹದ ಅಷ್ಟಾಗಿ ಬದಲಾಗದ ಕಾರಣ 62ರಿಂದ 65ರೊಳಗೆ ಬರುತ್ತದೆ.

ಗೌಡರ ಮೇಣ

ಮರುದಿನ ಮಧ್ಯಾಹ್ನ ಗೌಡರು ಬರುವ ಹೊತ್ತಿಗೆ ಎರಡು ಸುತ್ತು ಮುಗಿದಿತ್ತು, ಮೂರನೆಯದನ್ನು ಅವರ ಕಣ್ಣೆದುರೇ ಮಾಡಿದೆ. 50 ದಾಟಿದ ಮೇಲೆ ಉರಿ ಇಳಿಸಿದೆ. 56.5ಕ್ಕೆ ಪೇಟೆಯ ಮೇಣ ಸರ್ರನೆ ಮೇಲಕ್ಕೆ ಜಾರಿತು. ಪಕ್ಕದ ನಾಳದಲ್ಲಿ ಅವರ ತುಡುವೆ ಮೇಣ ಇನ್ನೂ ಹಳದಿಯಾಗಿ, ಕದಲದೆ ಕೂತಿತ್ತು. ಅದು ಜಾರಿದ್ದು 64ಕ್ಕೆ. ನನ್ನ ಥರ್ಮಾಮೀಟರು ಐಸಿನಲ್ಲಿ ಅರ್ಧ ಡಿಗ್ರಿ ಹೆಚ್ಚು ತೋರಿಸುವುದರಿಂದ ಪುಸ್ತಕದಲ್ಲಿ ಬರೆದದ್ದು 56 ಮತ್ತು 63.5. ಮೂರು ಸುತ್ತಿನಲ್ಲೂ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ.

“ಹಂಗಾದ್ರೆ ಇದು ಕಲಬೆರಕೆನೇ,” ಅಂದರು ಗೌಡರು.

“ಇದು ಬರೀ ಜೇನುಮೇಣ ಅಲ್ಲ ಅಂತ ಧೈರ್ಯವಾಗಿ ಹೇಳ್ತೀನಿ. ಆದ್ರೆ ಗೌಡ್ರೇ, ನಾಳೆ ಯಾವುದೋ ಮೇಣ 63 ತೋರಿಸ್ತು ಅಂತ ಅದು ಶುದ್ಧ ಅನ್ನಬೇಡಿ.”

ಈ ಎಚ್ಚರಿಕೆ ನಿಮಗೂ. ಮೇಣದಬತ್ತಿಯ ಪ್ಯಾರಾಫಿನ್‌ನಲ್ಲಿ ಹಲವು ದರ್ಜೆಗಳಿವೆ, 50ಕ್ಕೆ ಕರಗುವುದೂ ಇದೆ, 60ರ ಮೇಲೆ ಕರಗುವುದೂ ಇದೆ. ಜಾಣರು ಎರಡನೆಯದನ್ನು ಬೆರೆಸಿದರೆ ಕರಗುವ ಬಿಂದು ಅದನ್ನು ಹಿಡಿಯಲಾರದು. ಆಗ ಬೇರೆ ಲಕ್ಷಣಗಳೂ ಬೇಕು: ಜೇನುಮೇಣ ಮುರಿದರೆ ಒಳಗೆ ಹರಳುಹರಳಾಗಿ, ಮಬ್ಬಾಗಿ ಕಾಣುತ್ತದೆ, ಬೆರಳಲ್ಲಿ ಹಿಸುಕಿದರೆ ಬಿಸಿಗೆ ಮಿದುವಾಗಿ ಅಂಟಿಕೊಳ್ಳುತ್ತದೆ. ಪ್ಯಾರಾಫಿನ್ ಜಾರುತ್ತದೆ, ಅರೆಪಾರದರ್ಶಕವಾಗಿ ಹೊಳೆಯುತ್ತದೆ. ಅಷ್ಟಾಗಿಯೂ ಅನುಮಾನ ಉಳಿದರೆ ಪ್ರಯೋಗಾಲಯಕ್ಕೆ ಕಳಿಸಬೇಕು.

ಗೌಡರು ತಮ್ಮ ಹಳೇ ಎರಿಗಳನ್ನೇ ಕಾಯಿಸಿ ಹಾಳೆ ಮಾಡಿಕೊಳ್ಳುತ್ತೇನೆ ಎಂದರು. ಅದೇ ವಾರ ಒಂದು ಥರ್ಮಾಮೀಟರನ್ನೂ ಒಂದು ಡಬ್ಬಿ ಕ್ಯಾಪಿಲರಿಯನ್ನೂ ಕೊಂಡರು. ಆಮೇಲೊಂದು ದಿನ ರಾತ್ರಿ ಫೋನ್ ಮಾಡಿದರು: “ಮೇಷ್ಟ್ರೇ, ಐಸಲ್ಲಿ ಇಟ್ಟೆ. ನಂದು ಸೊನ್ನೆಗಿಂತ ಒಂದು ಗೆರೆ ಕೆಳಗೆ ನಿಂತದೆ. ಒಂದು ಕೂಡಿಸಬೇಕೋ, ಕಳೀಬೇಕೋ?”

“ಕೂಡಿಸಿ ಗೌಡ್ರೇ,” ಅಂದೆ.